ಗರುಡನಿಗೆ ರೆಕ್ಕೆ ಬೇಡ: ಶಾಸನಗಳಿಂದ ಆಟದ ಪಾತ್ರವರ್ಗ ಕಟ್ಟುವ ಬಗೆ

ಕಂಪ್ಯೂಟರಿನ ಯುದ್ಧದಾಟಗಳಲ್ಲಿ ನೈಟ್ ಇದ್ದಾನೆ, ಸಮುರಾಯ್ ಇದ್ದಾನೆ, ನಿಂಜಾ ಇದ್ದಾನೆ. ಇಂಥ ಆಟಕ್ಕೆ ನಮ್ಮ ಕಡೆಯ ಒಬ್ಬ ವೀರನನ್ನ ಸೇರಿಸಬೇಕು ಅಂತ ಕೂತರೆ ‘ಗರುಡ’ ಅನ್ನೋ ಹೆಸರು ಸುಲಭವಾಗಿ ನೆನಪಾಗುತ್ತೆ. ಹೆಸರಿನ ಹಿಂದೆಯೇ ರೆಕ್ಕೆ, ಕೊಕ್ಕು, ಹಾರುವ ಶಕ್ತಿ ಎಲ್ಲ ಬಂದು ಸೇರುತ್ತವೆ. ಹಳೇಬೀಡಿನ ಗರುಡಗಂಬವನ್ನು ನೋಡಿದವರಿಗೆ ಆ ಹೆಸರು ಬೇರೆಯದನ್ನೇ ಹೇಳುತ್ತೆ. ಹೊಯ್ಸಳರ ಗರುಡ ಹಾರುವವನಲ್ಲ. ಅರಸನ ಜೊತೆಗೇ ಸಾಯುತ್ತೇನೆ ಎಂದು ಭಾಷೆ ಕೊಟ್ಟು, ಆ ಭಾಷೆಯನ್ನು ನಡೆಸಿದವನು.

ಶಾಸನದಲ್ಲಿ ಕಾಣುವ ಮನುಷ್ಯನನ್ನು ತಂತ್ರದಾಟದ ಪಾತ್ರವಾಗಿ ಕಟ್ಟಬೇಕಾದರೆ ಏನೇನು ಮಾಡಬೇಕು ಅನ್ನೋದೇ ಈ ಬರಹದ ವಿಷಯ. ಆಟ ಆಡದ ಶಾಸನಾಸಕ್ತರಿಗೂ ಇದರಲ್ಲಿ ಕೆಲಸವಿದೆ. ಒಂದು ಪದವನ್ನು ನಿಯಮವಾಗಿ ಬರೆಯಲು ಹೊರಟಾಗ, ಆ ಪದದ ಅರ್ಥ ನಮಗೆ ಎಷ್ಟು ಗೊತ್ತಿದೆ ಅನ್ನೋದು ತಕ್ಷಣ ಬಯಲಾಗುತ್ತೆ. ನಿಘಂಟಿನಲ್ಲಿ ‘ಒಡೆಯನಿಗಾಗಿ ಪ್ರಾಣ ಕೊಡುವವನು’ ಅಂತ ಬರೆದರೆ ಸಾಕು. ಕಂಪ್ಯೂಟರಿಗೆ ಸಾಲದು. ಯಾವಾಗ, ಯಾರ ಅಪ್ಪಣೆಯ ಮೇಲೆ, ಬದಲಿಗೆ ಏನು ಪಡೆದು ಅಂತ ಅದು ಕೇಳುತ್ತೆ.

ಪಾತ್ರವರ್ಗ ಅಂದರೆ ಏನು

ತಂತ್ರದಾಟ ಅಂದರೆ ಚೌಕಾಬಾರ, ಚದುರಂಗದ ಮೊಮ್ಮಗ ಅಂದುಕೊಳ್ಳಿ. ಮನೆಗಳಿರುವ ಹಾಸು, ಕಾಯಿಗಳು, ಸರದಿ. ಒಂದು ವ್ಯತ್ಯಾಸ ಏನಂದ್ರೆ ಇಲ್ಲಿ ಪ್ರತಿ ಕಾಯಿಗೂ ಜೀವ ಇಷ್ಟು, ನಡೆ ಇಷ್ಟು, ಏಟು ಇಷ್ಟು ಅಂತ ಲೆಕ್ಕ ಇರುತ್ತೆ; ಕಾದಾಡಿದ ಹಾಗೆ ಅನುಭವ ಕೂಡಿ ಮೇಲಿನ ಹಂತಕ್ಕೆ ಏರುತ್ತೆ. ಈ ಲೆಕ್ಕಗಳ ಒಂದು ಕಟ್ಟಿಗೆ ‘ಕ್ಲಾಸ್’ ಅಂತಾರೆ. ನಾನು ಪಾತ್ರವರ್ಗ ಅಂತ ಬರೆಯುತ್ತೇನೆ. 1990ರಲ್ಲಿ ಜಪಾನಿನಲ್ಲಿ ಬಂದ ಫೈರ್ ಎಂಬ್ಲೆಮ್, 1997ರ ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ ಈ ಬಗೆಯ ಆಟಗಳಲ್ಲಿ ಹೆಸರಾದವು.

ಹೊಸ ಪಾತ್ರವರ್ಗ ಕಟ್ಟಿ ನೋಡಲು ನಾನು ಬಳಸೋದು ‘ಬ್ಯಾಟಲ್ ಫಾರ್ ವೆಸ್ನೋತ್’. 2003ರಲ್ಲಿ ಶುರುವಾದ ಮುಕ್ತ ತಂತ್ರಾಂಶ, ಕಾಸಿಲ್ಲದೆ ಸಿಗುತ್ತೆ. ಅದರಲ್ಲಿ ಪ್ರತಿ ಪಾತ್ರವರ್ಗವೂ ಒಂದು ಸಾದಾ ಪಠ್ಯದ ಕಡತ. ಹೆಸರು, ಬೆಲೆ, ಜೀವ, ನಡೆ, ಆಯುಧ, ಮುಂದೆ ಏನಾಗಿ ಬೆಳೆಯುತ್ತೆ, ಎಲ್ಲವೂ ಒಂದೊಂದು ಸಾಲು. ಪ್ರೋಗ್ರಾಮಿಂಗ್ ಬಾರದವರೂ ತಿದ್ದಬಹುದು. ಉದಾಹರಣೆಗೆ ಅದರ ಈಟಿಯಾಳಿನ ಬೆಲೆ 14 ಹೊನ್ನು, ಜೀವ 36, ಎದುರಾಳಿ ಮೇಲೆ ಬಿದ್ದರೂ ಮೊದಲ ಏಟು ಇವನದೇ.

ಮುಂದಿನ ಮಾತಿಗೆ ಈ ಆಟದ ನಾಲ್ಕು ನಿಯಮ ಗೊತ್ತಿದ್ದರೆ ಸಾಕು. ಒಂದು, ಸತ್ತ ಕಾಯಿ ಮತ್ತೆ ಬರೋದಿಲ್ಲ. ಎರಡು, ಹಳ್ಳಿಗಳನ್ನು ಹಿಡಿದರೆ ಸರದಿಗೆ ಇಷ್ಟು ಅಂತ ಹೊನ್ನು ಬರುತ್ತೆ. ಪಡೆಯನ್ನು ಸಾಕಲು ಅದೇ ಹೊನ್ನಿನಿಂದ ಖರ್ಚೂ ಆಗುತ್ತೆ. ಮೂರು, ಕಾಯಿಗಳಿಗೆ ಹಂತಗಳಿವೆ. ಸೊನ್ನೆ ಹಂತದವರು ರೈತಾಪಿ ಜನ, ಶತ್ರು ಅವರನ್ನು ದಾಟಿಕೊಂಡು ಹೋಗಬಹುದು. ನಾಲ್ಕು, ಸಾಮಾನ್ಯವಾಗಿ ಒಡೆಯ ಸತ್ತರೆ ಆಟ ಸೋತ ಹಾಗೆ. ಈ ನಾಲ್ಕನೆಯದು ಮುಂದೆ ದೊಡ್ಡ ತೊಡಕಾಗುತ್ತೆ, ನೆನಪಿಟ್ಟುಕೊಳ್ಳಿ.

ವೀರಗಲ್ಲು ಬರೆದಿಡುವುದೇನು

ಆಟಗಳು ವೀರನನ್ನ ಆಯುಧದಿಂದ ಗುರುತಿಸುತ್ತವೆ: ಬಿಲ್ಲಾಳು, ಈಟಿಯಾಳು, ಕುದುರೆಯಾಳು. ವೀರಗಲ್ಲಿನ ಬರಹದಲ್ಲಿ ಆಯುಧದ ಮಾತು ಎಷ್ಟೋ ಸಲ ಬರೋದೇ ಇಲ್ಲ. ಅದು ಕೆಳಗಿನ ಪಟ್ಟಿಕೆಯ ಶಿಲ್ಪದ ಪಾಲಿಗೆ. ಬರಹ ಹೇಳುವುದು ಬೇರೆ ಸಂಗತಿಗಳನ್ನ. ಯಾವ ಅರಸ ಆಳುತ್ತಿದ್ದಾಗ, ಯಾರ ಮಗ ಅಥವಾ ಯಾರ ಆಳು, ಯಾವ ಸಂದರ್ಭಕ್ಕೆ, ಏನು ಮಾಡಿ ಸತ್ತ, ಅವನ ಮನೆಯವರಿಗೆ ಯಾರು ಏನು ಕೊಟ್ಟರು. ಸಂದರ್ಭಕ್ಕಂತೂ ಸಿದ್ಧ ಪದಗಳೇ ಇವೆ: ದನ ಹಿಡಿದಾಗ ‘ತುರುಗೋಳ್’, ಊರು ಹಾಳಾದಾಗ ‘ಊರಳಿವು’, ಹೆಂಗಸರ ಮೊರೆಗೆ ಓಗೊಟ್ಟಾಗ ‘ಪೆಣ್ಬುಯ್ಯಲ್’. ಕೊಟ್ಟದ್ದಕ್ಕೂ ಪದಗಳಿವೆ: ‘ಬಾಳ್ಗಳ್ಚು’, ಅಂದರೆ ಕತ್ತಿ ತೊಳೆದು ಕೊಟ್ಟ ಭೂಮಿ, ‘ನೆತ್ತರುಗೊಡಗೆ’, ಅಂದರೆ ರಕ್ತಕ್ಕೆ ಕೊಟ್ಟ ಕೊಡುಗೆ.

ಅಂದರೆ ಶಾಸನದ ವೀರನನ್ನು ಕಟ್ಟಿರೋದು ಮೂರು ಎಳೆಗಳಿಂದ: ಯಾರಿಗೆ ಋಣಿ, ಯಾವ ವೇಳೆಗೆ ಒದಗಿದ, ಆಮೇಲೆ ಏನು ಉಳಿಯಿತು. ನನ್ನ ವಾದ ಇಷ್ಟೇ. ಶಾಸನದಿಂದ ಪಾತ್ರವರ್ಗ ತೆಗೆದುಕೊಳ್ಳುವಾಗ ಈ ಮೂರೂ ಆಟದ ನಿಯಮದೊಳಕ್ಕೆ ಬರಬೇಕು. ಹೆಸರು, ಪೇಟ, ಮೀಸೆ ಮಾತ್ರ ತಂದರೆ ಈಟಿಯಾಳಿಗೇ ಕನ್ನಡದ ಅಂಗಿ ತೊಡಿಸಿದಂತೆ.

ಇನ್ನೊಂದು ಎಚ್ಚರ. ಇಂದಿನ ಹೆಸರಿನ ವಾಸನೆಯ ಮೇಲೆ ಪಾತ್ರದ ಕೆಲಸ ನಿರ್ಧರಿಸಬಾರದು. ‘ಶೆಟ್ಟಿ’ ಅಂದ ಕೂಡಲೆ ನಮಗೆ ಅಂಗಡಿ ಕಾಣುತ್ತೆ. ಆಟದಲ್ಲಾದರೆ ಅವನನ್ನ ಸಾಮಾನು ಮಾರಲು ಕೂರಿಸಿಬಿಡುತ್ತೇವೆ. ಆದರೆ ಬೇಗೂರಿನ ಶಾಸನವೊಂದರಲ್ಲಿ ಬೆಂಗಳೂರು ಕಾಳಗದಲ್ಲಿ ಸತ್ತವರು ಅಂತ ಹೇಳಿರೋದು ನಾಗತ್ತರನ ಮಗ ಬುಟ್ಟಣಶೆಟ್ಟಿಯನ್ನ, ನಾಗತ್ತರನ ಮನೆಮಗ ಪೆರ್ವೊಣಶೆಟ್ಟಿಯನ್ನ. ಬೆಂಗಳೂರು ಅನ್ನೋ ಹೆಸರು ಬರುವ ಹಳೆಯ ದಾಖಲೆ ಅಂತ ನಾವೆಲ್ಲ ಹೇಳುವ ಶಾಸನ ಇದೇ. ಅದರಲ್ಲಿ ಕತ್ತಿ ಹಿಡಿದು ಸತ್ತವರು ಇಬ್ಬರು ಶೆಟ್ಟಿಗಳು. ಹಾಗೆಯೇ ಅಯ್ಯಾವೊಳೆ ಐನೂರ್ವರ ಶಾಸನಗಳಲ್ಲೂ ವ್ಯಾಪಾರಿಗಳ ಬಿರುದುಗಳ ಮಧ್ಯೆ ಶೌರ್ಯದ ಮಾತು ಧಾರಾಳವಾಗಿದೆ.

ಇದಕ್ಕಾಗಿ ಒಂದು ಶಿಸ್ತು ಇಟ್ಟುಕೊಂಡಿದ್ದೇನೆ. ಕಡತದಲ್ಲಿ ಪ್ರತಿ ನಿಯಮದ ಪಕ್ಕ ಮೂರರಲ್ಲಿ ಒಂದು ಗುರುತು. ಶಾಸನದ ಪಠ್ಯದಲ್ಲೇ ಇದ್ದರೆ ‘ಕಲ್ಲು’. ಕೆತ್ತನೆಯಲ್ಲಿ ಮಾತ್ರ ಕಂಡರೆ ‘ಶಿಲ್ಪ’. ಆಟ ಸಮತೂಕವಾಗಲಿ ಅಂತ ನಾನೇ ಸೇರಿಸಿದ್ದರೆ ‘ಊಹೆ’. ಊಹೆ ಇರಬಾರದು ಅಂತಲ್ಲ. ಜೀವ 36 ಇರಬೇಕೋ 38 ಇರಬೇಕೋ ಅಂತ ಯಾವ ಶಾಸನವೂ ಹೇಳೋದಿಲ್ಲ. ಆದರೆ ಪಾತ್ರದ ಮುಖ್ಯ ಶಕ್ತಿಯೇ ‘ಊಹೆ’ ಆಗಿದ್ದರೆ ಆ ಪಾತ್ರಕ್ಕೆ ಶಾಸನದ ಹೆಸರು ಇಡೋದು ಬೇಡ.

ಮೊದಲನೆಯದು: ತುರುಗಾಹಿ

ಸುಲಭದ್ದರಿಂದ ಶುರು ಮಾಡೋಣ. ತುರುಗೋಳಿನ ವೀರಗಲ್ಲುಗಳು ಕರ್ನಾಟಕದ ಉದ್ದಗಲಕ್ಕೂ ಇವೆ. ಬರಹದ ಕ್ರಮ ಗಮನಿಸಿ: ಮೊದಲು ‘ತುರುವಂ ಮಗುೞ್ಚಿ’, ಅಂದರೆ ದನಗಳನ್ನು ಹಿಂದಕ್ಕೆ ತಿರುಗಿಸಿ, ಆಮೇಲೆ ಸಾವು. ಎಷ್ಟು ಜನರನ್ನ ಕೊಂದ ಅನ್ನೋದು ಬಂದರೂ ಬರಬಹುದು, ಇಲ್ಲದೆಯೂ ಇರಬಹುದು. ದನ ವಾಪಸ್ ಬಂತೇ ಅನ್ನೋದು ಮಾತ್ರ ಮುಖ್ಯ.

ಇದನ್ನ ನಿಯಮ ಮಾಡಿದರೆ ಆಟದ ಗುರಿಯೇ ಬದಲಾಗುತ್ತೆ. ಶತ್ರುಗಳನ್ನೆಲ್ಲ ಮುಗಿಸು ಅನ್ನೋ ಗುರಿ ಹೋಗಿ, ದನಗಳನ್ನು ಊರ ಗಡಿಯೊಳಗೆ ತಾ ಅನ್ನೋದು ಬರುತ್ತೆ. ದನಗಳನ್ನು ಸೊನ್ನೆ ಹಂತದ ಕಾಯಿಗಳಾಗಿ ಇಡಿ. ಯಾರ ಕಾಯಿ ಬೆನ್ನಿಗೆ ಬರುತ್ತೋ ಅತ್ತಲಿಂದ ದೂರ ಸರಿಯಲಿ. ತುರುಗಾಹಿಯ ಬೆಲೆ ಕಡಿಮೆ, 12 ಹೊನ್ನು, ಏಟೂ ಸಾಧಾರಣ. ಆದರೆ ದನದ ಪಕ್ಕದ ಮನೆಯಲ್ಲಿ ನಿಂತಾಗ ಅವನನ್ನು ದಾಟಿ ಹೋಗೋದು ಶತ್ರುವಿಗೆ ಆಗೋದಿಲ್ಲ. ತುರುಗಾಹಿ ಸತ್ತರೂ ದನ ಗಡಿ ದಾಟಿ ಒಳಗೆ ಬಂದರೆ ಆ ಸುತ್ತು ಗೆದ್ದಂತೆಯೇ. ಸತ್ತವನು ಸೋತವನಲ್ಲ ಅನ್ನೋದು ವೀರಗಲ್ಲಿನ ಮೂಲ ವಿಚಾರ. ಅದಕ್ಕೇ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಕೈಹಿಡಿದು ಒಯ್ಯುವುದು, ಮೇಲೆ ಕೈಲಾಸ. ಆಟದ ಅಂಕ ಎಣಿಕೆಯೂ ಅದನ್ನೇ ಹೇಳಬೇಕು.

ವೆಸ್ನೋತಿನಲ್ಲಿ ಕೆಲವು ಕಾಯಿಗಳು ಹಗಲಲ್ಲಿ ಬಲ, ಕೆಲವು ರಾತ್ರಿಯಲ್ಲಿ ಬಲ; ಕೇಡಿಗಳಿಗೆ ಸಾಮಾನ್ಯವಾಗಿ ರಾತ್ರಿಯನ್ನ ಕೊಡುತ್ತಾರೆ. ದನ ಹಿಡಿಯಲು ಬಂದವರನ್ನ ಹಾಗೆ ಮಾಡುವ ಆಸೆ ಆಗುತ್ತೆ. ಬೇಡ. ವೀರಗಲ್ಲಿನ ಪಟ್ಟಿಕೆಯಲ್ಲಿ ಬಿಡಿಸುವವನ ಕೈಯಲ್ಲಿರುವ ಬಿಲ್ಲು, ಬಾಳು, ಸುರಗಿಯೇ ಎದುರಿನವನ ಕೈಯಲ್ಲೂ ಇರುತ್ತೆ. ಎರಡೂ ಕಡೆ ಒಂದೇ ಪಾತ್ರವರ್ಗ ಇಟ್ಟರೆ ಸಾಕು. ಈ ವಾರ ಹಿಡಿದವರ ಊರಿನ ದನ ಮುಂದಿನ ವಾರ ಹೋಗಬಹುದು ಅನ್ನೋದು ಆಡುವವರಿಗೇ ಅರ್ಥವಾಗುತ್ತೆ.

ಎರಡನೆಯದು: ಗರುಡ

ಹೊಯ್ಸಳ ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡ. ಅವನ ದಂಡನಾಯಕ, ಅಂಗರಕ್ಷಕ ಕುವರಲಕ್ಷ್ಮ. ಅವನೂ ಅವನ ಹೆಂಡತಿ ಸುಗ್ಗಲದೇವಿಯೂ ಸಾವಿರ ಮಂದಿ ವೀರರೂ ಅರಸನೊಡನೆ ಪ್ರಾಣ ಬಿಟ್ಟರು ಅಂತ ಹಳೇಬೀಡಿನ ಕಂಬದ ಶಾಸನ ಹೇಳುತ್ತೆ. ಕಂಬದ ಮೇಲೆ ತಮ್ಮ ತಲೆಯನ್ನ ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ಕೆತ್ತನೆ ಇದೆ. ರಣರಂಗದಲ್ಲಿ ಬಂದ ಸಾವಲ್ಲ ಇದು. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಗರುಡಗಂಬಗಳು ಒಂದೇ ಮನೆತನದವರು ತಲೆಮಾರುಗಳ ಕಾಲ ಹೊಯ್ಸಳ ಅರಸರಿಗೆ ಹೀಗೆ ಗರುಡರಾದದ್ದನ್ನ ಹೇಳುತ್ತವೆ.

ಇದರ ಹಿಂದೆ ಎರಡು ಪದ ತಿಳಿದಿರಬೇಕು. ‘ಜೋಳವಾಳಿ’ ಅಂದರೆ ಉಂಡ ಅನ್ನದ ಋಣ. ಒಡೆಯನ ಜೋಳ ತಿಂದವನು ಅವನಿಗಾಗಿ ಕಾದುತ್ತಾನೆ. ‘ವೇಳೆವಾಳಿ’ ಅಂದರೆ ಒಡೆಯನ ಕೊನೆಯ ವೇಳೆಗೆ ತನ್ನ ಪ್ರಾಣವನ್ನೂ ಕೊಡುತ್ತೇನೆ ಎಂಬ ಭಾಷೆ. ಆಟದ ಭಾಷೆಯಲ್ಲಿ ಹೇಳೋದಾದರೆ ಜೋಳವಾಳಿ ಈಗಾಗಲೇ ಇದೆ: ಪಡೆಯನ್ನು ಸಾಕಲು ಪ್ರತಿ ಸರದಿಗೆ ಕಟ್ಟುವ ಹೊನ್ನೇ ಅದು. ವೇಳೆವಾಳಿ ಇಲ್ಲ. ಅದನ್ನ ನಾವು ಕಟ್ಟಬೇಕು.

ಕಟ್ಟುವಾಗ ಮೊದಲ ಬಲೆ ಇಲ್ಲೇ ಇದೆ. ವೆಸ್ನೋತಿನಲ್ಲಿ ‘ನಿಷ್ಠ’ ಅನ್ನೋ ಅರ್ಥದ ಸಿದ್ಧ ಗುಣವೊಂದಿದೆ. ಅದಿರುವ ಕಾಯಿಗೆ ಸಾಕುವ ಖರ್ಚೇ ಇಲ್ಲ. ಗರುಡನಿಗಿಂತ ನಿಷ್ಠ ಬೇಕೇ ಅಂತ ಅದನ್ನೇ ಅಂಟಿಸಿದರೆ ಇತಿಹಾಸ ತಲೆಕೆಳಗಾಗುತ್ತೆ. ಭಾಷೆ ಕೊಟ್ಟವನಿಗೆ ಒಡೆಯ ಬಿರುದು ಕೊಡುತ್ತಾನೆ, ಕಾಲಿಗೆ ತೊಡರು ಹಾಕುತ್ತಾನೆ, ಭೂಮಿ, ಅಧಿಕಾರ ಕೊಡುತ್ತಾನೆ. ನಿಷ್ಠೆ ಪುಕ್ಕಟೆ ಸಿಗುವ ವಸ್ತುವಾಗಿರಲಿಲ್ಲ. ಹಾಗಾಗಿ ನಾನು ಬರೆದ ನಿಯಮ: ಒಬ್ಬ ಗರುಡನಾಗಬೇಕಾದರೆ ಒಡೆಯ ಒಂದು ಹಳ್ಳಿಯನ್ನ ಅವನಿಗೆ ಬಿಟ್ಟುಕೊಡಬೇಕು. ಆ ಹಳ್ಳಿಯ ಹುಟ್ಟುವಳಿ ಇನ್ನು ಖಜಾನೆಗೆ ಬರೋದಿಲ್ಲ. ಹಳ್ಳಿಗೆ ಸರದಿಗೆ 2 ಹೊನ್ನು ಅಂತ ಇಟ್ಟುಕೊಂಡರೆ 20 ಸರದಿಯ ಆಟದಲ್ಲಿ 40 ಹೊನ್ನು. ಸುಮಾರು ಮೂರು ಈಟಿಯಾಳುಗಳ ಬೆಲೆ. ಬದಲಿಗೆ, ಒಡೆಯನಿಂದ ಎರಡು ಮನೆಯೊಳಗೆ ಗರುಡ ಇರುವಾಗ ಒಡೆಯನ ಮೇಲೆ ಬೀಳುವ ಏಟು ಇವನಿಗೆ ಬೀಳುತ್ತೆ. ಕೊಡುಗೆಗೆ ‘ಕಲ್ಲು’, ಏಟಿನ ಲೆಕ್ಕಕ್ಕೆ ‘ಊಹೆ’.

ಎರಡನೆಯ ಬಲೆ ಇನ್ನೂ ಆಳ. ಒಡೆಯ ಸತ್ತರೆ ಗರುಡನೂ ಸಾಯುತ್ತಾನೆ ಅಂತ ಬರೆದುಬಿಡುತ್ತೇವೆ. ಆದರೆ ಆಟದಲ್ಲಿ ಒಡೆಯ ಸತ್ತರೆ ಆಟವೇ ಮುಗಿಯಿತಲ್ಲ? ಆಗ ಗರುಡನ ಭಾಷೆಗೆ ಬೆಲೆಯೇ ಇಲ್ಲದಂತಾಗುತ್ತೆ. ತೀರಿಸುವ ಪ್ರಸಂಗವೇ ಬಾರದ ಸಾಲವನ್ನ ಯಾರು ಬೇಕಾದರೂ ಮಾಡುತ್ತಾರೆ. ಹಾಗಾಗಿ ಮೇಲಿನ ನಾಲ್ಕನೆಯ ನಿಯಮವನ್ನ ತೆಗೆಯಲೇಬೇಕು. ಒಡೆಯ ಸತ್ತರೂ ರಾಜ್ಯ ನಡೆಯಬೇಕು. ಬಲ್ಲಾಳನ ನಂತರ ಮಗ ಇಮ್ಮಡಿ ನರಸಿಂಹ ಆಳಲಿಲ್ಲವೇ, ಹಾಗೆ. ಈಗ ಲೆಕ್ಕ ನಿಜವಾಗುತ್ತೆ. ತಂದೆ ಕಟ್ಟಿದ ಅತ್ಯುತ್ತಮ ವೀರರು ತಂದೆಯ ಜೊತೆಗೇ ಹೋದರು. ಮಗ ಖಾಲಿ ಅಂಗಳದಲ್ಲಿ ಆಟ ಶುರು ಮಾಡಬೇಕು. ಒಂದೇ ಕಂಬದ ಮೇಲೆ ಇಡೀ ಸೂರನ್ನ ನಿಲ್ಲಿಸಿದರೆ ಆಗುವ ಕಥೆ ಯಾವ ಎಂಜಿನಿಯರಿಗೂ ಗೊತ್ತು. ಒಬ್ಬ ಗರುಡ ಅರಸನಿಗೆ ರಕ್ಷೆ. ಹತ್ತು ಮಂದಿ ಗರುಡರು ಉತ್ತರಾಧಿಕಾರಿಗೆ ನಷ್ಟ. ಎಷ್ಟು ಮಂದಿಯಿಂದ ಭಾಷೆ ತೆಗೆದುಕೊಳ್ಳಬೇಕು ಅನ್ನೋ ಪ್ರಶ್ನೆ ಆಡುವವನಿಗೆ ಬಿಸಿ ಮುಟ್ಟಿಸುತ್ತೆ. ಶಾಸನವನ್ನ ಹತ್ತು ಸಲ ಓದಿದರೂ ಈ ಕೋನ ನನಗೆ ಹೊಳೆದಿರಲಿಲ್ಲ. ನಿಯಮ ಬರೆಯುವಾಗ ಹೊಳೆಯಿತು.

ಮೂರನೆಯದು, ಗುಂಡಿ ಒತ್ತುವವರು ಯಾರು ಅನ್ನೋದು. ಅರಸ ಸತ್ತ ಗಳಿಗೆಯಲ್ಲಿ ‘ಪ್ರಾಣ ಬಿಡಲೇ? ಹೌದು, ಇಲ್ಲ’ ಅಂತ ಪರದೆಯ ಮೇಲೆ ಕೇಳುವ ಹಾಗಿಲ್ಲ. ಭಾಷೆ ಕೊಟ್ಟಾಗಲೇ ಆಯ್ಕೆ ಮುಗಿದಿದೆ. ಹಾಗಾಗಿ ಆಯ್ಕೆಯ ಗುಂಡಿ ಭಾಷೆ ಕೊಡುವ ಗಳಿಗೆಯಲ್ಲಿ ಮಾತ್ರ ಇರಬೇಕು. ಆದರೆ ಆ ಸಾವಿರ ಮಂದಿ? ಸುಗ್ಗಲದೇವಿ? ಅವರ ಪರವಾಗಿ ಗುಂಡಿ ಒತ್ತಿದವರು ಯಾರು? ದೊಡ್ಡಹುಂಡಿಯ ನಿಸಿದಿಗಲ್ಲಿನಲ್ಲಿ ಸಾಯುತ್ತಿರುವ ಗಂಗ ನೀತಿಮಾರ್ಗನನ್ನ ಹಿಡಿದು ಕೂತ ಅಗರಯ್ಯನನ್ನ ನೋಡುತ್ತೇವೆ. ಅವನು ಅರಸನ ಮನೆಮಗ, ‘ಕೀೞ್ಗುಂಟೆ’ ಆದ, ಅಂದರೆ ಅರಸನ ಸಮಾಧಿಯಲ್ಲಿ ಅವನ ಕೆಳಗೆ ತಾನೂ ಹೋದ ಅಂತ ಬರಹ. ಚಿಕ್ಕಂದಿನಿಂದ ಆ ಮನೆಯ ಅನ್ನದಲ್ಲಿ ಬೆಳೆದವನ ‘ಒಪ್ಪಿಗೆ’ ಎಷ್ಟು ಒಪ್ಪಿಗೆ? ಕಲ್ಲು ನಿಲ್ಲಿಸಿದವರು ಬದುಕಿ ಉಳಿದವರು. ಭಾಷೆ ಮುರಿದು ಓಡಿದವನಿಗೆ ಯಾರೂ ಕಲ್ಲು ನೆಡಲಿಲ್ಲ. ಆದ್ದರಿಂದ ಎಲ್ಲರೂ ನಡೆಸಿದರು ಅನ್ನುವ ನಿಯಮಕ್ಕೆ ನಾವು ‘ಕಲ್ಲು’ ಅಂತ ಗುರುತು ಹಾಕುವಂತಿಲ್ಲ. ನಾನು ಹೀಗೆ ಮಾಡಿದ್ದೇನೆ: ಭಾಷೆ ಕೊಟ್ಟ ಗರುಡ ತಪ್ಪದೆ ಹೋಗುತ್ತಾನೆ, ಅವನ ಹಿಂಬಾಲಕರಲ್ಲಿ ಯಾರು ಹೋಗುತ್ತಾರೆ ಅನ್ನೋದು ಮೊದಲೇ ತಿಳಿಯೋದಿಲ್ಲ. ಪಕ್ಕದಲ್ಲಿ ದೊಡ್ಡದಾಗಿ ‘ಊಹೆ’. ಕೀೞ್ಗುಂಟೆಯನ್ನ ಮಾತ್ರ ಆಡುವವನು ಬಳಸುವ ಶಕ್ತಿಯಾಗಿ ಎಲ್ಲೂ ಇಟ್ಟಿಲ್ಲ. ಇಟ್ಟರೆ ಅದಕ್ಕೊಂದು ಲಾಭ ಕಟ್ಟಬೇಕಾಗುತ್ತೆ; ಮನುಷ್ಯನನ್ನ ಹೂಳಿ ಅಂಕ ಗಳಿಸುವ ಆಟ ನಮಗೆ ಬೇಡ.

ಮೂರನೆಯದು: ನಾಳ್ಗಾವುಂಡ

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನ ಜಕ್ಕಿಯಬ್ಬೆಯದು. ಕಾಲ 10ನೇ ಶತಮಾನದ ಆರಂಭ, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಆಳ್ವಿಕೆ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ಸತ್ತ. ಅರಸ ಆ ಅಧಿಕಾರವನ್ನ ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟ. ಆಕೆ ಸಮರ್ಥವಾಗಿ ಆಳಿ, ಕಾಯಿಲೆ ಬಂದಾಗ ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟಳು.

ಆಟದ ದೃಷ್ಟಿಯಿಂದ ಇಲ್ಲೊಂದು ದೊಡ್ಡ ಪಾಠವಿದೆ. ಸಾಮಾನ್ಯವಾಗಿ ಹಂತ, ಅನುಭವ, ಶಕ್ತಿ ಎಲ್ಲ ವ್ಯಕ್ತಿಗೆ ಸೇರಿದ್ದು. ಅವನು ಸತ್ತರೆ ಎಲ್ಲವೂ ಹೋಯಿತು. ನಾಳ್ಗಾವುಂಡ ಅನ್ನೋದು ಪದವಿ. ಗಂಡನಿಂದ ಹೆಂಡತಿಗೆ, ತಾಯಿಯಿಂದ ಮಗಳಿಗೆ ಹೋಗುತ್ತೆ. ಹಾಗಾಗಿ ಈ ಪಾತ್ರವರ್ಗದಲ್ಲಿ ಎರಡು ಖಾತೆ ಬೇಕು. ಜೀವ, ನಡೆ, ಏಟು ವ್ಯಕ್ತಿಯ ಖಾತೆಗೆ. ಹಂತ ಮತ್ತು ಮುಂದಾಳ್ತನ ಪದವಿಯ ಖಾತೆಗೆ. ವೆಸ್ನೋತಿನಲ್ಲಿ ಮುಂದಾಳ್ತನ ಅಂದರೆ, ಪಕ್ಕದ ಮನೆಯಲ್ಲಿ ನಿಂತ ಕೆಳಹಂತದ ಕಾಯಿಗಳ ಏಟು ಹಂತಕ್ಕೆ 25 ಪ್ರತಿಶತದಂತೆ ಹೆಚ್ಚುತ್ತೆ. ಪದವಿ ಹಿಡಿದವರು ಸತ್ತರೆ ಹೊಸಬರು ತಮ್ಮದೇ ಜೀವದೊಂದಿಗೆ, ಆದರೆ ಅದೇ ಹಂತದ ಮುಂದಾಳ್ತನದೊಂದಿಗೆ ಬರುತ್ತಾರೆ.

ಹೆಂಗಸರ ಪಾತ್ರ ಬೇಕು ಅಂದಾಗ ಆಟ ಮಾಡುವವರು ತಟ್ಟನೆ ಮದ್ದು ಕೊಡುವವಳನ್ನೋ ಮಾಟಗಾತಿಯನ್ನೋ ಹಾಕುತ್ತಾರೆ. ಬಂದಳಿಕೆಯ ಕಲ್ಲು ನಮಗೆ ಎಪ್ಪತ್ತು ಹಳ್ಳಿಗಳ ಆಡಳಿತಗಾರ್ತಿಯನ್ನ ಕೊಟ್ಟಿದೆ. ಈ ಪಾತ್ರದ ಮುಖ್ಯ ನಿಯಮಕ್ಕೆ ‘ಕಲ್ಲು’ ಗುರುತು ನಿಸ್ಸಂಕೋಚವಾಗಿ ಹಾಕಬಹುದು.

ಸತ್ತ ಮೇಲೆ: ಕಲ್ಲು, ರೂವಾರಿ, ಒಂದು ನಾಯಿ

ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸಿನಲ್ಲಿ ಬಿದ್ದ ಕಾಯಿಯನ್ನ ಮೂರು ಸರದಿಯೊಳಗೆ ಎಬ್ಬಿಸದಿದ್ದರೆ ಅದು ಹರಳಾಗಬಹುದು. ಆ ಹರಳನ್ನ ಮುಟ್ಟಿದವನಿಗೆ ಸತ್ತವನ ವಿದ್ಯೆ ದಕ್ಕಬಹುದು. ಜಪಾನಿನವರು ವೀರಗಲ್ಲು ನೋಡಿ ಮಾಡಿದ್ದಲ್ಲ, ಆದರೂ ವಿಚಾರ ಹತ್ತಿರದ್ದು. ನಮ್ಮಲ್ಲಿ ಇದಕ್ಕೆ ನೇರ ಆಧಾರವೇ ಇದೆ. ಬೇಗೂರಿನ ಇನ್ನೊಂದು ಪ್ರಸಿದ್ಧ ವೀರಗಲ್ಲಿನಲ್ಲಿ, ಗಂಗ ಎರೆಯಪ್ಪನ ಅಪ್ಪಣೆಯಂತೆ ವೀರಮಹೇಂದ್ರನ ಸೈನ್ಯದ ಮೇಲೆ ಹೋದ ನಾಗತ್ತರ ತುಂಬೆಪಾಡಿಯಲ್ಲಿ ಕಾದಿ ಸತ್ತ. ಅದನ್ನ ಕೇಳಿದ ಎರೆಯಪ್ಪ ಇರುಗನಿಗೆ ‘ನಾಗತ್ತರವಟ್ಟ’ ಕಟ್ಟಿ, ಬೆಂಪೂರು ಹನ್ನೆರಡನ್ನ ಕಲ್ನಾಡಾಗಿ ಕೊಟ್ಟ. ಸತ್ತವನ ಪಟ್ಟ ಬದುಕಿರುವವನ ಹಣೆಗೆ. ಆಟದಲ್ಲಿ ಇದನ್ನ ಹೀಗೆ ಬರೆದೆ: ಅನುಭವ ಸಂಪಾದಿಸಿದ ಕಾಯಿ ಸತ್ತರೆ, ಅದರ ಅರ್ಧ ಅನುಭವ ಒಡೆಯ ಆರಿಸಿದ ಇನ್ನೊಬ್ಬನಿಗೆ ಹೋಗುತ್ತೆ, ಜೊತೆಗೆ ಬಿರುದೂ. ಆದರೆ ಕಲ್ಲು ನಿಂತ ಮೇಲೆ ಮಾತ್ರ.

ಕಲ್ಲು ನಿಲ್ಲಿಸೋದು ಯಾರು? ಅದಕ್ಕೇ ‘ರೂವಾರಿ’ ಅನ್ನೋ ಪಾತ್ರವರ್ಗ. ಸೊನ್ನೆ ಹಂತ, ಜೀವ ಕಡಿಮೆ, ಏಟು ಇಲ್ಲವೆನ್ನುವಷ್ಟು. ಬಲ್ಲವರಿಗೆ ಗೊತ್ತಿರುವಂತೆ ಹೊಯ್ಸಳ ಗುಡಿಗಳಲ್ಲಿ ದಾಸೋಜ, ಚಾವಣ, ಮಲ್ಲಿತಮ್ಮ ಹೆಸರು ಕೆತ್ತಿದ್ದಾರೆ. ಯುದ್ಧದಲ್ಲಿ ಇವನಿಂದ ಏನೂ ಪ್ರಯೋಜನವಿಲ್ಲ. ಆದರೆ ಸತ್ತವನ ಮನೆಗೆ ರೂವಾರಿ ತಲುಪಿ ಎರಡು ಸರದಿ ನಿಂತರೆ ಮಾತ್ರ ಕಲ್ಲು ಏಳುತ್ತೆ. ರೂವಾರಿ ಸತ್ತರೆ ಅಲ್ಲಿಂದಾಚೆಗೆ ಸತ್ತವರೆಲ್ಲ ಸುಮ್ಮನೆ ಸತ್ತಂತೆ. ವೆಸ್ನೋತಿನ ಕಡತದಲ್ಲಿ ಇದಕ್ಕೆ ಅನುಕೂಲವೂ ಇದೆ: ಕಾಯಿಯ ‘ಕೊನೆಯುಸಿರು’ ಒಂದು ಘಟನೆ, ‘ಸಾವು’ ಇನ್ನೊಂದು ಘಟನೆ. ಹೆಸರು, ಸ್ಥಳ, ಯಾರೊಡನೆ ಕಾದಿದ ಅನ್ನೋದನ್ನ ಮೊದಲನೆಯದರಲ್ಲಿ ಬರೆದಿಟ್ಟುಕೊಂಡು, ಕಲ್ಲಿನ ಚಿತ್ರವನ್ನ ಆಮೇಲೆ ಅದೇ ಮನೆಯಲ್ಲಿ ನಿಲ್ಲಿಸಬಹುದು.

ಕೊನೆಯ ಪಾತ್ರ ಒಂದು ನಾಯಿ. ಆತಕೂರಿನ ಶಾಸನವನ್ನ ಇಲ್ಲಿ ಬಹಳ ಜನ ಓದಿರುತ್ತೀರಿ. 949-50ರ ಸುಮಾರು, ತಕ್ಕೋಲದಲ್ಲಿ ಚೋಳ ರಾಜಾದಿತ್ಯ ಸತ್ತ ಮೇಲೆ, ಇಮ್ಮಡಿ ಬೂತುಗನ ಆಳು ಮಣಲೆರನಿಗೆ ಮೆಚ್ಚಿದ್ದನ್ನ ಕೇಳು ಅಂದರೆ ಅವನು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಂದ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನ. ಕೆಳಲೆಯ ಹತ್ತಿರ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ಮಣಲೆರ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಆ ಸ್ಥಾನ ನೋಡಿಕೊಳ್ಳುವ ಗೊರವ ಕಲ್ಲನ್ನ ಪೂಜಿಸದೆ ಉಂಡರೆ ಅವನಿಗೆ ಪಾಪ ಅಂತಲೂ ಬರೆಸಿದ.

ಇದರಿಂದ ಎರಡು ನಿಯಮ ಹುಟ್ಟುತ್ತವೆ. ಎದುರಾಳಿಗಳಲ್ಲಿ ಒಬ್ಬರು ಸಾಯುವವರೆಗೆ ಕಾದಾಟ ಬಿಡದ ಗುಣವೊಂದು ವೆಸ್ನೋತಿನಲ್ಲಿ ಸಿದ್ಧವಾಗಿದೆ, ಗರಿಷ್ಠ 30 ಸುತ್ತು. ಬೇಟೆನಾಯಿಗೆ ಅದನ್ನ ಹಂದಿಯ ಎದುರು ಮಾತ್ರ ಕೊಟ್ಟೆ. ಎರಡನೆಯದು, ನಿಂತ ಕಲ್ಲಿಗೂ ಸಾಕುವ ಖರ್ಚಿದೆ. ಹತ್ತು ಸರದಿಗೊಮ್ಮೆ ಯಾರಾದರೂ ಹೋಗಿ ಕಲ್ಲಿನ ಮುಂದೆ ನಿಲ್ಲದಿದ್ದರೆ ಅದರಿಂದ ಬಂದ ಬಿರುದು ಬತ್ತಿಹೋಗುತ್ತೆ. ಇನ್ನೊಂದು ಮಾತು: ಈ ಕಾಯಿಗೆ ‘ನಾಯಿ’ ಅಂತ ಹೆಸರಿಟ್ಟು ಐದು ಕೊಳ್ಳುವ ಹಾಗಿಲ್ಲ. ಪ್ರತಿಯೊಂದಕ್ಕೂ ಹೆಸರು ಇರಲೇಬೇಕು. ಸಾವಿರ ವರ್ಷದ ಹಿಂದೆ ಒಬ್ಬ ತನ್ನ ನಾಯಿಯ ಹೆಸರನ್ನ ಕಲ್ಲಿನಲ್ಲಿ ಬರೆಸಿದ್ದಾನೆ, ನಾವು ಒಂದು ಸಾಲು ಟೈಪ್ ಮಾಡಲಾರೆವೇ.

ನೀವೂ ಕಟ್ಟುವುದಾದರೆ

ಶುರು ಮಾಡಲು ದೊಡ್ಡ ತಯಾರಿ ಬೇಡ. ನಿಮ್ಮ ಊರಿನ ಅಥವಾ ತಾಲ್ಲೂಕಿನ ಒಂದೇ ಒಂದು ವೀರಗಲ್ಲು ಆರಿಸಿಕೊಳ್ಳಿ. ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಅದರ ಪಾಠ ಇದ್ದರೆ ನಕಲು ಮಾಡಿಕೊಳ್ಳಿ. ಯಾರಿಗೆ ಋಣಿ, ಯಾವ ವೇಳೆ, ಏನು ಉಳಿಯಿತು: ಈ ಮೂರು ಪ್ರಶ್ನೆಗೆ ಪಠ್ಯದಿಂದಲೇ ಉತ್ತರ ಬರೆಯಿರಿ. ಉತ್ತರ ಸಿಗದ ಕಡೆ ಖಾಲಿ ಬಿಡಿ. ಆಮೇಲೆ ಶಿಲ್ಪ ನೋಡಿ ಆಯುಧ ಬರೆಯಿರಿ. ಅಂಕಿಗಳು ಕೊನೆಗೆ, ಈಟಿಯಾಳಿನ 14 ಹೊನ್ನು, 36 ಜೀವವನ್ನ ಅಳತೆಗೋಲಾಗಿ ಇಟ್ಟುಕೊಂಡು ಸ್ವಲ್ಪ ಮೇಲೆ ಕೆಳಗೆ ಮಾಡಿದರೆ ಸಾಕು. ಒಂದು ಪಾತ್ರಕ್ಕೆ ಒಂದೇ ವಿಶೇಷ ಶಕ್ತಿ, ಅದಕ್ಕೆ ಒಂದು ಬೆಲೆ. ಬೆಲೆ ಇಲ್ಲದ ಶಕ್ತಿ ಕಂಡರೆ ಶಾಸನವನ್ನ ಇನ್ನೊಮ್ಮೆ ಓದಿ. ಬೆಲೆ ಅಲ್ಲೇ ಎಲ್ಲೋ ಇರುತ್ತೆ.

ಆತಕೂರಿನ ಕಲ್ಲು, ಬೇಗೂರಿನ ನಾಗತ್ತರನ ಕಲ್ಲು, ದೊಡ್ಡಹುಂಡಿಯ ಕಲ್ಲು ಮೂರೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಪಾಲಾಗಿ ಉಳಿದಿವೆ. ಎಷ್ಟೋ ಕಲ್ಲುಗಳು ಆ ಪುಣ್ಯವಿಲ್ಲದೆ ಚರಂಡಿಯ ಹಾಸುಗಲ್ಲಾಗಿ, ಬಟ್ಟೆ ಒಗೆಯುವ ಕಲ್ಲಾಗಿ ಹೋಗಿವೆ. ಆಟದಿಂದ ಅವು ಉಳಿಯುತ್ತವೆ ಅಂತ ನಾನು ಹೇಳೋದಿಲ್ಲ. ಆದರೆ ದನ ತಿರುಗಿಸಿ ಸತ್ತವನನ್ನ ಪರದೆಯ ಮೇಲೆ ಒಮ್ಮೆ ನಡೆಸಿದ ಹುಡುಗ, ಊರ ಕೆರೆ ಏರಿಯ ಮೇಲೆ ಮೂರು ಪಟ್ಟಿಕೆಯ ಕಲ್ಲು ಕಂಡಾಗ ಕೆಳಗಿನ ಪಟ್ಟಿಕೆಯಲ್ಲಿ ದನ ಇದೆಯಾ ಅಂತ ಬಗ್ಗಿ ನೋಡುತ್ತಾನೆ. ಬಗ್ಗಿ ನೋಡಿದವನು ಅದರ ಮೇಲೆ ಬಟ್ಟೆ ಒಗೆಯಲು ಬಿಡೋದಿಲ್ಲ.